ಹಿರಿಯರಿಗೂ ಬೇಕು ಕ್ರಿಸ್ಮಸ್ ಕತೆ

ಡಿಸೆಂಬರ್ ತಿಂಗಳು ಕಾಲಿರಿಸಿತೆಂದರೆ ನಮ್ಮ ಮನೆಗಳಲ್ಲಿ ಸಡಗರ ತಾನಾಗಿಯೇ ಮೂಡುತ್ತದೆ. ಅಟ್ಟದ ಮೇಲಿದ್ದ ಗೋದಲಿಯ ಬೊಂಬೆಗಳು ಕೆಳಗಿಳಿಯುತ್ತವೆ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವ ಕೆಲಸ ಮಕ್ಕಳ ಪಾಲಿಗೆ ಬರುತ್ತದೆ. ಕರಾವಳಿಯ ಮನೆಗಳಲ್ಲಿ ಕುಸ್ವಾರಿನ ಪರಿಮಳ ಅಂಗಳದವರೆಗೂ ಹರಡುತ್ತದೆ. ಮಕ್ಕಳಿಗೆ ಕತೆ ಹೇಳುವ ಕಾಲವೂ ಇದೇ. ಆದರೆ ಮಕ್ಕಳು ಮಲಗಿದ ಮೇಲೆ ಹಿರಿಯರು ತಮಗಾಗಿ ಒಂದು ಕ್ರಿಸ್ಮಸ್ ಕತೆಯನ್ನು ತೆರೆದು ಕುಳಿತರೆ, "ಇದು ಮಕ್ಕಳ ಕತೆಯಲ್ಲವೇ? ಈ ವಯಸ್ಸಿನಲ್ಲಿ ಇದೇಕೆ?" ಎಂಬ ಪ್ರಶ್ನೆ ಎದುರಾಗುವುದುಂಟು.

ವಾಸ್ತವದಲ್ಲಿ, ಜಗತ್ತಿನ ಶ್ರೇಷ್ಠ ಕ್ರಿಸ್ಮಸ್ ಕತೆಗಳಲ್ಲಿ ಹಲವು ಹುಟ್ಟಿದ್ದು ಹಿರಿಯರಿಗಾಗಿಯೇ. ಸಾಲ, ಕೂಲಿ, ಒಂಟಿತನ, ಪಶ್ಚಾತ್ತಾಪ ಇವೆಲ್ಲ ವಯಸ್ಕರ ಬದುಕಿನ ಮಾತುಗಳು. ಆ ಕತೆಗಳ ಒಡಲಲ್ಲಿರುವುದೂ ಇವೇ. ಅವುಗಳನ್ನು ಓದುವ ಸಂತೋಷ ಎಂತಹುದು, ಆ ಸಂತೋಷ ನಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ಈ ಆಗಮನ ಕಾಲದಲ್ಲಿ ಕೊಂಚ ವಿಚಾರ ಮಾಡೋಣ.

ಐದು ಶಿಲಿಂಗಿನ ಪುಸ್ತಕ

ಕ್ರಿಸ್ಮಸ್ ಕತೆ ಎಂದೊಡನೆ ಮೊದಲು ನೆನಪಾಗುವವರು ಚಾರ್ಲ್ಸ್ ಡಿಕನ್ಸ್. ಅವರ 'ಎ ಕ್ರಿಸ್ಮಸ್ ಕ್ಯಾರಲ್' ಲಂಡನ್ನಿನಲ್ಲಿ ಪ್ರಕಟವಾದುದು 1843ರ ಡಿಸೆಂಬರ್ 19ರಂದು. ಅದೇ ವರ್ಷ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳ ದುಃಸ್ಥಿತಿಯನ್ನು ಕುರಿತ ಸರಕಾರಿ ವರದಿಯೊಂದು ಹೊರಬಂದಿತ್ತು. ಅದನ್ನು ಓದಿ ಕಳವಳಗೊಂಡ ಡಿಕನ್ಸ್ ಬಡ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಯೋಚಿಸಿದರು. ಬಳಿಕ ಮನಸ್ಸು ಬದಲಿಸಿ, ಕರಪತ್ರಕ್ಕಿಂತ ಕತೆಯೇ ಬಲವಾಗಿ ಮನ ಮುಟ್ಟೀತೆಂದು ನಿರ್ಧರಿಸಿದರು. ಸುಮಾರು ಆರು ವಾರಗಳಲ್ಲಿ ಕೃತಿ ಸಿದ್ಧವಾಯಿತು. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್ಮಸ್ ಹಬ್ಬದೊಳಗಾಗಿಯೇ ಮಾರಾಟವಾದವು.

ಬಡ ಮಕ್ಕಳ ನೋವು ಡಿಕನ್ಸರಿಗೆ ಪುಸ್ತಕದಿಂದ ಬಂದ ಜ್ಞಾನವಾಗಿರಲಿಲ್ಲ. 1824ರಲ್ಲಿ ಅವರ ತಂದೆ ಸಾಲ ತೀರಿಸಲಾಗದೆ ಸೆರೆಮನೆ ಸೇರಿದರು. 12 ವರ್ಷದ ಬಾಲಕ ಚಾರ್ಲ್ಸ್ ಪಾದರಕ್ಷೆಗೆ ಹಚ್ಚುವ ಕಪ್ಪು ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಬೇಕಾಯಿತು.

ಕತೆಯ ಜಿಪುಣ ಸ್ಕ್ರೂಜನನ್ನು ಅರಿಯದವರು ವಿರಳ. ಆದರೆ ಹಿರಿಯರಾಗಿ ಓದುವಾಗ ನಮ್ಮ ಕಣ್ಣು ಭೂತಗಳಿಗಿಂತ ಹೆಚ್ಚಾಗಿ ಲೆಕ್ಕದ ಅಂಕಿಗಳ ಮೇಲೆ ನಿಲ್ಲುತ್ತದೆ. ಸ್ಕ್ರೂಜನ ಗುಮಾಸ್ತ ಬಾಬ್ ಕ್ರ್ಯಾಚಿಟನ ವಾರದ ಸಂಬಳ 15 ಶಿಲಿಂಗ್. ಪುಸ್ತಕದ ಬೆಲೆಯಾದರೋ 5 ಶಿಲಿಂಗ್! ತನ್ನದೇ ಕತೆಯನ್ನು ಕೊಂಡು ಓದಲು ಬಾಬ್ ತನ್ನ ವಾರದ ದುಡಿಮೆಯ ಮೂರನೆಯ ಒಂದು ಭಾಗವನ್ನು ತೆರಬೇಕಾಗಿತ್ತು. ಅಂದರೆ ಅಂದು ಈ ಪುಸ್ತಕವನ್ನು ಕೊಂಡವರಲ್ಲಿ ಹೆಚ್ಚಿನವರು ಬಾಬನ ಸಾಲಿನವರಾಗಿರದೆ ಸ್ಕ್ರೂಜನ ಸಾಲಿನವರಾಗಿದ್ದಿರಬೇಕು. ಕತೆ ಮಾತನಾಡಿದ್ದೂ ಅವರೊಡನೆಯೇ. ಹತ್ತು ವರ್ಷಗಳ ಬಳಿಕ, 1853ರ ಡಿಸೆಂಬರಿನಲ್ಲಿ, ಡಿಕನ್ಸ್ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಈ ಕತೆಯನ್ನು ಸಾರ್ವಜನಿಕವಾಗಿ ವಾಚಿಸಿದಾಗ, ಒಂದು ದಿನದ ವಾಚನವನ್ನು ಕಡಿಮೆ ದರದಲ್ಲಿ ಕಾರ್ಮಿಕರಿಗಾಗಿಯೇ ಮೀಸಲಿಟ್ಟರು.

ಗುರುಗಳೇ ಪತ್ತೇದಾರರು

ಕ್ರಿಸ್ಮಸ್ ಕತೆಯೆಂದರೆ ಕಣ್ಣೀರೇ ಆಗಬೇಕೆಂದಿಲ್ಲ. ರಹಸ್ಯ ಕತೆಗಳನ್ನು ಮೆಚ್ಚುವವರಿಗೆ ಜಿ. ಕೆ. ಚೆಸ್ಟರ್‌ಟನ್ನರ ಫಾದರ್ ಬ್ರೌನ್ ಆತ್ಮೀಯ ಸಂಗಾತಿ. ಕುಳ್ಳ ದೇಹ, ದುಂಡು ಮುಖ, ಕೈಯಲ್ಲೊಂದು ಕೊಡೆ ಇರುವ ಈ ಕಥೋಲಿಕ ಗುರು ಅಪರಾಧಿಯ ಮನಸ್ಸನ್ನು ಒಳಗಿನಿಂದ ಬಲ್ಲವರು. ಪಾಪನಿವೇದನೆ ಕೇಳಿ ಕೇಳಿ ಅವರಿಗೆ ಮನುಷ್ಯ ಸ್ವಭಾವದ ಆಳ ತಿಳಿದಿದೆ. ಈ ಪಾತ್ರಕ್ಕೆ ಸ್ಫೂರ್ತಿಯಾದವರು ಫಾದರ್ ಜಾನ್ ಓಕಾನರ್ ಎಂಬ ನಿಜವಾದ ಗುರುಗಳು. ಮುಂದೆ 1922ರಲ್ಲಿ ಚೆಸ್ಟರ್‌ಟನ್ನರನ್ನು ಕಥೋಲಿಕ ಧರ್ಮಸಭೆಗೆ ಬರಮಾಡಿಕೊಂಡವರೂ ಅವರೇ.

1911ರಲ್ಲಿ ಹೊರಬಂದ ಸಂಕಲನದಲ್ಲಿರುವ 'ದ ಫ್ಲೈಯಿಂಗ್ ಸ್ಟಾರ್ಸ್' ಕತೆ ಕ್ರಿಸ್ಮಸ್ಸಿನ ಮರುದಿನ ನಡೆಯುತ್ತದೆ. ಹಬ್ಬಕ್ಕೆಂದು ನೆರೆದ ನೆಂಟರು ಮನೆಯೊಳಗೇ ಒಂದು ಹಾಸ್ಯ ನಾಟಕವಾಡುತ್ತಾರೆ. ಆ ಗದ್ದಲದಲ್ಲಿ ಬೆಲೆಬಾಳುವ ವಜ್ರಗಳು ಮಾಯವಾಗುತ್ತವೆ. ಕಳ್ಳ ಫ್ಲಾಂಬೋ ತೋಟದ ಮರವೇರಿ ತಪ್ಪಿಸಿಕೊಳ್ಳುತ್ತಿರುವಾಗ ಫಾದರ್ ಬ್ರೌನ್ ಕೆಳಗೆ ನಿಂತು ಮಾತನಾಡುತ್ತಾರೆ. ಅವರು ಪೊಲೀಸರನ್ನು ಕೂಗುವುದಿಲ್ಲ. ಕೆಡುಕಿನ ಹಾದಿಯಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲು ಯಾರಿಗೂ ಸಾಧ್ಯವಿಲ್ಲ, ಆ ಹಾದಿ ಕೆಳಕೆಳಗೆ ಇಳಿಯುತ್ತಲೇ ಹೋಗುತ್ತದೆ ಎಂದು ತಿಳಿಹೇಳುತ್ತಾರೆ. ಈ ಕಳವಿನ ಆರೋಪ ನಿರಪರಾಧಿ ಯುವಕನೊಬ್ಬನ ತಲೆಗೆ ಬರಲಿದೆ ಎಂದೂ ಎಚ್ಚರಿಸುತ್ತಾರೆ. ಮರದಿಂದ ವಜ್ರಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತವೆ. ಕಳ್ಳನಿಗೆ ಅದೇ ಕೊನೆಯ ಅಪರಾಧ. ಕಳ್ಳನನ್ನು ಹಿಡಿಯುವ ಕತೆ ಎಷ್ಟೋ ಇವೆ, ಕಳ್ಳನನ್ನು ಉಳಿಸುವ ಪತ್ತೇದಾರಿ ಕತೆ ಅಪರೂಪ.

ಅಮೆರಿಕದ ಓ. ಹೆನ್ರಿಯವರ 'ದ ಗಿಫ್ಟ್ ಆಫ್ ದ ಮ್ಯಾಜೈ' (1905) ಗಂಡ ಹೆಂಡಿರಿಬ್ಬರೂ ಕೂಡಿ ಓದಬೇಕಾದ ಕತೆ. ಹಬ್ಬದ ಹಿಂದಿನ ದಿನ ಬಡ ಗೃಹಿಣಿ ಡೆಲ್ಲಾಳ ಬಳಿ ಉಳಿದಿರುವುದು 1 ಡಾಲರ್ 87 ಸೆಂಟ್ ಮಾತ್ರ. ಗಂಡನಿಗೆ ಉಡುಗೊರೆ ಕೊಡಬೇಕೆಂಬ ಆಸೆಯಿಂದ ಅವಳು ತನ್ನ ನೀಳವಾದ ಕೂದಲನ್ನೇ ಮಾರುತ್ತಾಳೆ. ಮುಂದೇನಾಯಿತು ಎಂಬುದನ್ನು ಇಲ್ಲಿ ಹೇಳಿಬಿಟ್ಟರೆ ಓದದವರಿಗೆ ಅನ್ಯಾಯ ಮಾಡಿದಂತೆ. ಇದನ್ನು ಬರೆದ ಲೇಖಕರು ಹಣ ದುರುಪಯೋಗದ ಆರೋಪದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವರು. ಪತ್ನಿ ಕ್ಷಯರೋಗದಿಂದ ತೀರಿಕೊಂಡಿದ್ದರು, ಮಗಳ ಪೋಷಣೆಗೆಂದು ಸೆರೆಯಿಂದಲೇ ಕತೆಗಳನ್ನು ಕಳುಹಿಸುತ್ತಿದ್ದರು. 1899ರಲ್ಲಿ ಹಾಗೆ ಪ್ರಕಟವಾದ ಒಂದು ಕತೆ ಅಲೆಮಾರಿಯೊಬ್ಬನ ಕ್ರಿಸ್ಮಸ್ಸನ್ನು ಕುರಿತದ್ದೇ ಆಗಿತ್ತು.

ಕಿಟಕಿಯಾಚೆಯ ಪಾದಗಳು

ರಷ್ಯಾದ ಟಾಲ್‌ಸ್ಟಾಯ್ 1885ರಲ್ಲಿ ಬರೆದ 'ಪ್ರೀತಿಯಿರುವಲ್ಲಿ ದೇವರಿದ್ದಾನೆ' ಎಂಬ ಕತೆಯ ನಾಯಕ ಮಾರ್ಟಿನ್ ಎಂಬ ಮೋಚಿ. ನೆಲಮಾಳಿಗೆಯ ಅವನ ಕೋಣೆಗೆ ಒಂದೇ ಕಿಟಕಿ. ಅದರಿಂದ ಕಾಣುವುದು ದಾರಿಹೋಕರ ಪಾದಗಳು ಮಾತ್ರ. ಪಾದರಕ್ಷೆ ನೋಡಿಯೇ ಅವನು ಜನರನ್ನು ಗುರುತಿಸಬಲ್ಲ. ಹೆಂಡತಿ ಮಕ್ಕಳನ್ನು ಕಳೆದುಕೊಂಡು ದೇವರ ಮೇಲೆ ಮುನಿದವನು ಶುಭಸಂದೇಶವನ್ನು ಓದತೊಡಗುತ್ತಾನೆ. ನಾಳೆ ನಾನು ಬರುವೆನೆಂಬ ಪ್ರಭುವಿನ ದನಿ ಒಂದು ರಾತ್ರಿ ಅವನಿಗೆ ಕೇಳಿಸುತ್ತದೆ. ಮರುದಿನವೆಲ್ಲ ಅವನು ಕಾಯುತ್ತಾನೆ. ಬಂದವರು ಹಿಮ ಗುಡಿಸುವ ಮುದುಕ, ಚಳಿಗೆ ನಡುಗುವ ಕೂಸಿನ ತಾಯಿ, ಸೇಬು ಮಾರುವ ಅಜ್ಜಿ ಮತ್ತು ಅವಳಿಂದ ಸೇಬು ಕದ್ದ ಹುಡುಗ. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ಬಲ್ಲವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ. ಟಾಲ್‌ಸ್ಟಾಯ್ ಬರೆದ ರೂಪದಲ್ಲಿ ಕ್ರಿಸ್ಮಸ್ಸಿನ ಪ್ರಸ್ತಾಪವಿಲ್ಲ. ಆದರೆ ಅದರ ಮೂಲ, ಫ್ರೆಂಚ್ ಬೋಧಕ ರೂಬೆನ್ ಸೈಯಾನ್ಸ್ ಬರೆದ ಕ್ರಿಸ್ಮಸ್ ಕತೆ.

ಊರು ಸೇರದ ಪತ್ರ

ಮೇಲಿನ ಕತೆಗಳಲ್ಲೆಲ್ಲ ಒಂದಿಲ್ಲೊಂದು ಬಾಗಿಲು ತೆರೆಯುತ್ತದೆ. ತೆರೆಯದ ಬಾಗಿಲಿನ ಕತೆಯೂ ಒಂದಿದೆ. ಅದು ಆಂಟನ್ ಚೆಕಾಫ್ 1886ರ ಡಿಸೆಂಬರಿನಲ್ಲಿ ಪ್ರಕಟಿಸಿದ 'ವಾಂಕಾ'. ಒಂಬತ್ತು ವರ್ಷದ ಅನಾಥ ಬಾಲಕ ವಾಂಕಾ ಮಾಸ್ಕೋದ ಮೋಚಿಯೊಬ್ಬನ ಮನೆಯಲ್ಲಿ ಕೆಲಸ ಕಲಿಯಲು ಸೇರಿದ್ದಾನೆ. ಹಬ್ಬದ ಹಿಂದಿನ ರಾತ್ರಿ ಯಜಮಾನರು ದೇವಾಲಯಕ್ಕೆ ಹೋದ ಸಮಯ ನೋಡಿ ಅವನು ಅಜ್ಜನಿಗೆ ಪತ್ರ ಬರೆಯುತ್ತಾನೆ. ಹೊಡೆತ, ಹಸಿವು, ನಿದ್ದೆಗೇಡು ಎಲ್ಲವನ್ನೂ ತೋಡಿಕೊಂಡು, ತನ್ನನ್ನು ಕರೆದುಕೊಂಡು ಹೋಗೆಂದು ಬೇಡುತ್ತಾನೆ. ಲಕೋಟೆಯ ಮೇಲೆ ಅವನು ಬರೆಯುವ ವಿಳಾಸದಲ್ಲಿ ಅಜ್ಜನಿಗೆ, ಹಳ್ಳಿಗೆ ಎಂದಿರುತ್ತದೆ, ಜೊತೆಗೆ ಅಜ್ಜನ ಹೆಸರು. ಊರ ಹೆಸರೇ ಇಲ್ಲ. ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕಿ, ಅಜ್ಜ ಅದನ್ನು ಓದುತ್ತಿರುವ ಕನಸು ಕಾಣುತ್ತಾ ಬಾಲಕ ನಿದ್ರಿಸುತ್ತಾನೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ 22ರ ರಾತ್ರಿ, ಜಪಸರ ಮುಗಿದ ಮೇಲೆ, ಈ ಕತೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಕೆಲ ಹೊತ್ತು ಯಾರೂ ಮಾತನಾಡಲಿಲ್ಲ. ಕಣ್ಣು ಮಂಜಾಗಿ ಓದಲಾಗದ ನನ್ನ ತಾಯಿ ಕೇಳಿದರು: "ಹಾಗಾದರೆ ಆ ಪತ್ರ ಅಜ್ಜನಿಗೆ ಸಿಗಲೇ ಇಲ್ಲವೇ?" ಇಲ್ಲವೆಂದೆ. ಅವರು ಸ್ವಲ್ಪ ತಡೆದು, "ನಮ್ಮ ಕೆಲಸದಾಕೆ ಹಬ್ಬಕ್ಕೆ ಊರಿಗೆ ಹೋಗಬೇಕೆಂದು ಕೇಳಿದ್ದಳಲ್ಲ, ನೀನು ಏನು ಹೇಳಿದೆ?" ಎಂದರು.

ನಾನು ಹೇಳಿದ್ದು ನನಗೆ ನೆನಪಿತ್ತು. ನೆಂಟರು ಬರುವವರಿದ್ದಾರೆ, ಹೊಸ ವರ್ಷ ಕಳೆಯಲಿ, ಆಮೇಲೆ ನೋಡೋಣ ಎಂದಿದ್ದೆ. ಅವಳು ಮರುಮಾತನಾಡದೆ ಒಳಗೆ ಹೋಗಿದ್ದಳು. ಅವಳ ಊರಿನಲ್ಲಿ ಇಬ್ಬರು ಮಕ್ಕಳಿದ್ದರು. ವಾಂಕಾನಿಗಾಗಿ ಮರುಗಿದ ನಾನೇ, ವಿಳಾಸ ಸರಿಯಿದ್ದ ಒಂದು ಬೇಡಿಕೆಯನ್ನು ಓದದೆ ಬದಿಗಿಟ್ಟಿದ್ದೆ. ಮರುದಿನ ಬೆಳಗಿನ ಮೊದಲ ಬಸ್ಸಿಗೆ, ತಿಂಗಳ ಸಂಬಳದೊಡನೆ ಕುಸ್ವಾರಿನ ಡಬ್ಬಿಯನ್ನೂ ಕೊಟ್ಟು ಅವಳನ್ನು ಹತ್ತಿಸಿದೆವು. ಹಬ್ಬದ ಪಾತ್ರೆಗಳನ್ನು ನೆಂಟರೊಡಗೂಡಿ ನಾವೇ ತೊಳೆದೆವು. ಇದನ್ನು ಪುಣ್ಯಕಾರ್ಯವೆಂದು ಹೇಳಿಕೊಳ್ಳುತ್ತಿಲ್ಲ. ಕೇಳಿದ ದಿನವೇ ಒಪ್ಪಬೇಕಾಗಿದ್ದ ಮಾತು ಅದು.

ಕಣ್ಣೀರಿನ ಅಪಾಯ

ಕತೆ ಓದಿ ಅತ್ತುಬಿಟ್ಟರೆ ದಯೆ ತೋರಿಸಿದಂತಾಯಿತೆಂದು ಮನಸ್ಸು ಸುಲಭವಾಗಿ ತೃಪ್ತಿಪಡುತ್ತದೆ. ಕಾಗದದ ಮೇಲಿನ ಬಡವನಿಗೆ ಬೆವರಿನ ವಾಸನೆಯಿಲ್ಲ, ಅವನು ಮುಂಗಡ ಕೇಳುವುದಿಲ್ಲ, ರಜೆ ಬೇಡುವುದಿಲ್ಲ. ಕ್ರಿಸ್ಮಸ್ ಕತೆಗಳ ಮೇಲಿನ ಈ ಆಕ್ಷೇಪದಲ್ಲಿ ಸತ್ಯವಿದೆ. 'ವಾಂಕಾ' ಪ್ರಕಟವಾಗಿ ಸರಿಯಾಗಿ ನೂರು ವರ್ಷಗಳಿಗೆ, 1986ರಲ್ಲಿ, ನಮ್ಮ ದೇಶದಲ್ಲಿ ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯಿದೆ ಬಂತು. 2016ರ ತಿದ್ದುಪಡಿಯು, ಕುಟುಂಬದ ನೆರವಿನಂತಹ ಕೆಲವು ವಿನಾಯಿತಿಗಳ ಹೊರತು, 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇರಿಸಿಕೊಳ್ಳುವುದನ್ನು ನಿಷೇಧಿಸಿದೆ. ಬದಲಾವಣೆಗೆ ಇಂತಹ ಕಾನೂನೂ ಬೇಕು, ಅದನ್ನು ಪಾಲಿಸುವ ಮನೆಗಳೂ ಬೇಕು. ಕತೆಯೊಂದರಿಂದಲೇ ಎಲ್ಲವೂ ಆಗದು. ಆದರೆ ನಮ್ಮ ಮನೆಯಲ್ಲಿ ಆ ರಾತ್ರಿ ಕತೆ ಓದದಿದ್ದರೆ ತಾಯಿ ಆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ.

ಕತೆ ಶುಭಸಂದೇಶದ ಸ್ಥಾನವನ್ನು ತುಂಬಲಾರದು, ತುಂಬಬೇಕಾಗಿಯೂ ಇಲ್ಲ. ಸಂತ ಲೂಕನು ಛತ್ರದಲ್ಲಿ ಸ್ಥಳವಿರಲಿಲ್ಲವೆಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಾನೆ. ಬಾಗಿಲ ಬಳಿ ನಿಂತವರಾರು, ಒಳಗಿದ್ದವರಾರು ಎಂಬುದನ್ನು ಕತೆಗಾರರು ಮತ್ತೆ ಮತ್ತೆ ಊಹಿಸುತ್ತಾರೆ. ಒಳಗಿದ್ದವರ ಸಾಲಿನಲ್ಲಿ ನಮ್ಮ ಮುಖವೂ ಕಾಣಿಸಿತೆಂದರೆ ಓದು ಸಾರ್ಥಕವಾಯಿತು.

ಈ ಬಾರಿ ಒಂದು ಸಣ್ಣ ಪ್ರಯತ್ನ ಮಾಡಬಹುದು. ಡಿಕನ್ಸರ ಕೃತಿಯಲ್ಲಿರುವುದು ಐದೇ ಭಾಗ. ಡಿಸೆಂಬರ್ 20ರಿಂದ ದಿನಕ್ಕೊಂದರಂತೆ ಓದಿದರೆ 24ರಂದು ನಡುರಾತ್ರಿಯ ಬಲಿಪೂಜೆಗೆ ಹೊರಡುವ ಮುನ್ನ ಮುಗಿಯುತ್ತದೆ. ಬಿಡುವಿಲ್ಲದವರಿಗೆ 'ವಾಂಕಾ' ಅರ್ಧ ಗಂಟೆಯ ಓದು. ಟಾಲ್‌ಸ್ಟಾಯ್ ಕತೆಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಒಬ್ಬರು ಓದಲಿ, ಉಳಿದವರು ಆಲಿಸಲಿ. ಕಣ್ಣು ಕಾಣದ ಹಿರಿಯರನ್ನು ಹತ್ತಿರ ಕೂರಿಸಿಕೊಳ್ಳಿ. ಅಡುಗೆಮನೆಯಲ್ಲಿ ಇನ್ನೂ ಯಾರಾದರೂ ಕೆಲಸ ಮಾಡುತ್ತಿದ್ದರೆ ಅವರನ್ನೂ ಕರೆಯಿರಿ.