ಊರಿನ ಹೆಸರೇ ಆಸ್ತಿ: ಫ್ರಾನ್ಸಿನ ಕೆಂಪು ವೈನ್ ಒಂದರ ಪಾಠ

ಹೆಸರಾಂತ ಊರಿನ ಸರಕಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ದೊರೆಯುವುದು ವ್ಯಾಪಾರಸ್ಥರೆಲ್ಲರೂ ಬಲ್ಲ ವಿಷಯ. ಹೆಸರು ಬಂದೊಡನೆ ಅದರ ಬೆನ್ನಿಗೆ ನಕಲು ಸರಕೂ ಬರುತ್ತದೆ. ಇಂತಹ ಸಂಕಟವನ್ನು ಎದುರಿಸಿ ಗೆದ್ದ ಉತ್ಪಾದಕರ ಪೈಕಿ ದಕ್ಷಿಣ ಫ್ರಾನ್ಸಿನ ಶಾತೋನಫ್ ದ್ಯು ಪಾಪ್ ಗ್ರಾಮದ ದ್ರಾಕ್ಷಿ ಬೆಳೆಗಾರರು ಪ್ರಮುಖರು.

ಪ್ರದೇಶ ಮತ್ತು ರುಚಿ

ರೋನ್ ನದಿಯ ದಡದಲ್ಲಿ, ಆವಿನ್ಯೋನ್ ಮತ್ತು ಓರಾಂಜ್ ಪಟ್ಟಣಗಳ ನಡುವೆ ಈ ಗ್ರಾಮವಿದೆ. 14ನೆಯ ಶತಮಾನದಲ್ಲಿ ಪೋಪರು ರೋಮ್ ತೊರೆದು ಆವಿನ್ಯೋನ್‌ನಲ್ಲಿ ನೆಲೆಸಿದ್ದರು. ಪೋಪ್ 22ನೆಯ ಜಾನ್ ಇಲ್ಲಿ ಕೋಟೆಯೊಂದನ್ನು ಕಟ್ಟಿಸಿದರು. ‘ಪೋಪರ ಹೊಸ ಕೋಟೆ’ ಎಂಬುದೇ ಊರಿನ ಹೆಸರಿನ ಅರ್ಥ.

ಅನೇಕ ತೋಟಗಳಲ್ಲಿ ಮಣ್ಣೇ ಕಾಣದಷ್ಟು ನುಣುಪಾದ ಉರುಟು ಕಲ್ಲುಗಳು ಹರಡಿವೆ. ಇವು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಳ್ಳಿಗೆ ಕಾವು ನೀಡುತ್ತವೆ. ನೆಲದ ತೇವವನ್ನೂ ಕಾಯುತ್ತವೆ. ಮಿಸ್ತ್ರಾಲ್ ಎಂಬ ಬಿರುಸಾದ ಉತ್ತರದ ಗಾಳಿ ಗೊಂಚಲುಗಳನ್ನು ಒಣಗಿಸಿ ಬೂಷ್ಟು ರೋಗವನ್ನು ದೂರವಿಡುತ್ತದೆ.

ಇಲ್ಲಿನ ವೈನ್‌ನಲ್ಲಿ ಬಹುಪಾಲು ಕೆಂಪು. ನಿಯಮದಂತೆ ಹದಿಮೂರು ಬಗೆಯ ದ್ರಾಕ್ಷಿಗೆ ಅವಕಾಶವಿದೆ. ಬಣ್ಣಭೇದಗಳನ್ನು ಬೇರೆಯಾಗಿ ಎಣಿಸಿದರೆ ಹದಿನೆಂಟು. ಇವುಗಳಲ್ಲಿ ಗ್ರೆನಾಶ್ ತಳಿಯದೇ ಸಿಂಹಪಾಲು. ಅದರಿಂದ ಸ್ಟ್ರಾಬೆರಿ, ಚೆರ್ರಿ ಹಣ್ಣುಗಳ ಮಾಧುರ್ಯ ಮತ್ತು ಮದ್ಯಸಾರದ ಕಾವು ಬರುತ್ತವೆ. ಸಿರಾ ತಳಿ ಬಣ್ಣ ಮತ್ತು ಮೆಣಸಿನ ಖಾರವನ್ನು, ಮೂರ್ವೆದ್ರ್ ತಳಿ ಒಗರು ಮತ್ತು ಬಾಳಿಕೆಯನ್ನು ಸೇರಿಸುತ್ತವೆ. ವರ್ಷಗಳು ಉರುಳಿದಂತೆ ಒಣಗಿಡಮೂಲಿಕೆ ಮತ್ತು ಚರ್ಮದ ವಾಸನೆಗಳು ಮೂಡುತ್ತವೆ.

ತಾವೇ ವಿಧಿಸಿಕೊಂಡ ಕಟ್ಟುಪಾಡು

20ನೆಯ ಶತಮಾನದ ಆರಂಭದಲ್ಲಿ ಈ ವೈನ್‌ನ ಸ್ಥಿತಿ ಶೋಚನೀಯವಾಗಿತ್ತು. ಬೇರೆ ಪ್ರಾಂತ್ಯದ ವರ್ತಕರು ತಮ್ಮ ತೆಳು ವೈನ್‌ಗೆ ಬಲ ತುಂಬಲು ಇದನ್ನು ಕೊಂಡು ಬೆರೆಸುತ್ತಿದ್ದರು. ಇತ್ತ ಹೊರಗಿನ ವೈನ್ ಇದೇ ಊರಿನ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. 1923ರಲ್ಲಿ ಬೆಳೆಗಾರರು ವಕೀಲರೂ ತೋಟದ ಒಡೆಯರೂ ಆಗಿದ್ದ ಬ್ಯಾರನ್ ಪಿಯೇರ್ ಲ ರ್ವಾ ಅವರ ಮೊರೆ ಹೊಕ್ಕರು. ಅವರ ನೇತೃತ್ವದಲ್ಲಿ ರೂಪುಗೊಂಡ ಕಟ್ಟುಪಾಡುಗಳು ಸರಳವಾದರೂ ಕಠಿಣವಾಗಿದ್ದವು. ಲ್ಯಾವೆಂಡರ್ ಮತ್ತು ಥೈಮ್ ಗಿಡಗಳೆರಡೂ ಬೆಳೆಯುವಂತಹ ಬಡ ನೆಲವೇ ದ್ರಾಕ್ಷಿಗೆ ಅರ್ಹ. ಮದ್ಯಸಾರ ಕನಿಷ್ಠ ಶೇ. 12.5 ಇರಬೇಕು, ಕೊಯ್ಲಿನಲ್ಲಿ ಕಳಪೆ ಹಣ್ಣನ್ನು ಆರಿಸಿ ತೆಗೆಯಲೇಬೇಕು. ಇಂದಿಗೂ ಕೊಯ್ಲು ಕೈಯಿಂದಲೇ ನಡೆಯಬೇಕು; ಮೂಲ ಇಳುವರಿಯ ಮಿತಿ ಹೆಕ್ಟೇರಿಗೆ 3,500 ಲೀಟರ್.

ಇಳುವರಿಯನ್ನು ತಾವೇ ಮೊಟಕುಗೊಳಿಸುವುದು ತಕ್ಷಣಕ್ಕೆ ನಷ್ಟದ ಬಾಬತ್ತು. ಆದರೆ ಇದೇ ಕಟ್ಟುಪಾಡು 1935ರಲ್ಲಿ ರೂಪುಗೊಂಡ ಫ್ರಾನ್ಸಿನ ‘ನಿಯಂತ್ರಿತ ಮೂಲನಾಮ’ ವ್ಯವಸ್ಥೆಗೆ ಮಾದರಿಯಾಯಿತು. 1936ರಲ್ಲಿ ಆ ಮಾನ್ಯತೆ ಪಡೆದ ಮೊದಲ ವೈನ್‌ಗಳಲ್ಲಿ ಇದೂ ಒಂದು. 1937ರಿಂದ ಪೋಪರ ಕಿರೀಟ ಮತ್ತು ಬೀಗದ ಕೈಗಳ ಉಬ್ಬು ಲಾಂಛನವಿರುವ ಶೀಶೆಯೂ ಬಳಕೆಗೆ ಬಂದಿತು.

ನಮಗೆ ಅನ್ವಯಿಸುವುದೇನು?

ಭಾರತದಲ್ಲಿ 1999ರ ಭೌಗೋಳಿಕ ಸೂಚನೆಗಳ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ ಮುಂತಾದವು ಇದರಡಿ ನೋಂದಣಿಯಾಗಿವೆ. ನೋಂದಣಿಯ ಅವಧಿ 10 ವರ್ಷ. ಬಳಿಕ ನವೀಕರಣ ಅಗತ್ಯ. ಉತ್ಪಾದಕರು ‘ಅಧಿಕೃತ ಬಳಕೆದಾರ’ರಾಗಿ ತಮ್ಮ ಹೆಸರನ್ನೂ ನೋಂದಾಯಿಸಿಕೊಳ್ಳಬಹುದು.

ಕಾನೂನು ಹೆಸರಿಗೆ ಬೇಲಿ ಹಾಕೀತು. ಒಳಗಿನ ಬೆಳೆಯ ಗುಣಮಟ್ಟ ಕಾಯಬೇಕಾದವರು ಉತ್ಪಾದಕರೇ. ಫ್ರಾನ್ಸಿನ ಆ ಗ್ರಾಮಸ್ಥರು ಸರ್ಕಾರದ ಮುದ್ರೆಗೆ ಕಾಯದೆ, ಹದಿಮೂರು ವರ್ಷ ಮೊದಲೇ ಆ ಕೆಲಸಕ್ಕೆ ಕೈಹಾಕಿದ್ದರೆಂಬುದು ಗಮನಾರ್ಹ.