ಬ್ರೇಕ್ ಹಿಡಿದಾಗ ‘ಟಕ್’ ಅಂದ್ರೆ ಟೈಟ್ ಮಾಡಿದ್ರೆ ಸಾಕಾ?

ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ಹತ್ರ ‘ಟಕ್’ ಅನ್ನುತ್ತಾ? ನನ್ನ ಬೈಕಲ್ಲೂ ಅನ್ನುತ್ತಿತ್ತು. ಚೆನ್ನಾಗಿ ಟೈಟ್ ಮಾಡಿಸಿದೆ. ಸದ್ದು ಹೋಯ್ತು, ಆದರೆ ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗ ಬೈಕ್ ಹಾವಿನ ಹಾಗೆ ಹೊರಳೋಕೆ ಶುರುವಾಯ್ತು.

ಇದೆಲ್ಲ ಸ್ಟೀರಿಂಗ್ ಹೆಡ್ ಬೇರಿಂಗ್ ಕಥೆ. ಗ್ಯಾರೇಜ್ ಭಾಷೆಯಲ್ಲಿ ಕೋನ್ ಸೆಟ್. ಮೇಲೊಂದು, ಕೆಳಗೊಂದು ಇರುತ್ತೆ. ಹ್ಯಾಂಡಲ್ ತಿರುಗೋದು ಇವುಗಳ ಮೇಲೆಯೇ.

ಮನೆಯಲ್ಲೇ ನೋಡಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತೆ. ಫೋರ್ಕ್‌ನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಸಡಿಲ. ಆಮೇಲೆ ಹ್ಯಾಂಡಲ್ ಅನ್ನು ಎರಡೂ ಕಡೆ ನಿಧಾನಕ್ಕೆ ತಿರುಗಿಸಿ. ಬಿಗಿಯಾಗಿ ತಿರುಗಿದರೆ ಟೈಟ್ ಜಾಸ್ತಿಯಾಗಿದೆ. ನೇರಕ್ಕೆ ಬಂದಾಗ ಗುಳಿಯಲ್ಲಿ ಕೂತ ಹಾಗಾದರೆ, ಕಪ್‌ನಲ್ಲಿ ಗುಂಡುಗಳ ಅಚ್ಚು ಬಿದ್ದಿದೆ. ಎಷ್ಟು ಟೈಟ್ ಮಾಡಿದರೂ ಅದು ಸರಿಹೋಗಲ್ಲ. ಕಪ್, ಗುಂಡು ಸೇರಿ ಪೂರ್ತಿ ಸೆಟ್ ಬದಲಿಸಬೇಕು.

ಬರೀ ಸಡಿಲವಿದ್ದರೆ, ಮೇಲಿನ ದೊಡ್ಡ ನಟ್ಟನ್ನೂ ಮೇಲಿನ ಕ್ಲ್ಯಾಂಪಿನಲ್ಲಿ ಫೋರ್ಕ್ ಹಿಡಿದಿರುವ ಬೋಲ್ಟ್‌ಗಳನ್ನೂ ಸಡಿಲಿಸಿ. ಅದರ ಕೆಳಗಿನ ರಿಂಗ್ ನಟ್ಟನ್ನು ಸಿ-ಸ್ಪ್ಯಾನರ್‌ನಿಂದ ಒಂದು ಸಲಕ್ಕೆ 1/8 ಸುತ್ತು ಮಾತ್ರ ಬಿಗಿಯಿರಿ. ಎಲ್ಲ ಮತ್ತೆ ಟೈಟ್ ಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಯಾಕಂದ್ರೆ ಮೇಲಿನ ನಟ್ ಕೂಡ ಬೇರಿಂಗನ್ನು ಒತ್ತುತ್ತೆ.

ಆಟ ಇರಬಾರದು, ಹ್ಯಾಂಡಲ್ ಸಲೀಸಾಗಿ ತಿರುಗಬೇಕು. ಇಷ್ಟೇ ಲೆಕ್ಕ. ನಾನು ಟೈಟ್ ಮಾಡಿಸೋಕೆ ಎರಡು ಸಲ ದುಡ್ಡು ಕೊಟ್ಟೆ, ಕೊನೆಗೆ ಸೆಟ್ಟನ್ನೂ ಕೊಂಡೆ. ಬಿಕಾಂ ಓದಿದವನು ಮಾಡೋ ಲೆಕ್ಕವಾ ಇದು? ನೀವು ಮೊದಲು ಚಕ್ರ ಎತ್ತಿ ನೋಡಿ.