ಬೆಕ್ಕನ್ನ ಬಿಟ್ಟು ಬರಬೇಡಿ, ಉಸುಕಿನ ಗುಡ್ಡೆ ಮುಚ್ಚಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೆಕ್ಕು ಸಾಕೋದು ಬರೀ ಶೋಕಿಗಲ್ಲ. ಜೋಳದ ಚೀಲ ಇರೋ ಮನೆಗೂ ನೂಲು ಇರೋ ಮನೆಗೂ ಇಲಿ ಬರುತ್ತೆ, ಇಲಿಗೆ ಬೆಕ್ಕು ಬೇಕು. ಆದರೆ ಮನೆಯಲ್ಲಿ ಯಾರಾದರೂ ಬಸುರಿ ಅಂತ ಗೊತ್ತಾದರೆ ಸಾಕು, ಯಾರೋ ಒಬ್ಬರು ಹೇಳೇ ಹೇಳ್ತಾರೆ: "ಬೆಕ್ಕಿದ್ರ ಕೂಸಿಗೆ ತ್ರಾಸ ಆಗತೈತಿ, ಮೊದಲ ಅದನ್ನ ಎಲ್ಲರ ಬಿಟ್ಟು ಬರ್ರಿ."

ಅಪಾಯ ಇರೋದು ನಿಜ. ಆದರೆ ಅದು ಇರೋ ಜಾಗ ಬೇರೆ.

ಈ ರೋಗದ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಟಾಕ್ಸೊಪ್ಲಾಸ್ಮಾ ಗೊಂಡಿ ಅನ್ನೋ ಏಕಕೋಶ ಪರಾವಲಂಬಿಯಿಂದ ಬರುತ್ತೆ. ಆಡು, ಕುರಿ, ಇಲಿ, ಮನುಷ್ಯ ಎಲ್ಲರಲ್ಲೂ ಇದು ಇರಬಹುದು. ಆದರೆ ಇದರ ಮೊಟ್ಟೆಯಂಥ ಕೋಶಗಳು ತಯಾರಾಗೋದು ಬೆಕ್ಕಿನ ಜಾತಿಯ ಕರುಳಲ್ಲಿ ಮಾತ್ರ. ಸೋಂಕಿರೋ ಇಲಿ ತಿಂದ ಬೆಕ್ಕು ಒಂದರಿಂದ ಮೂರು ವಾರ ಮಲದಲ್ಲಿ ಈ ಕೋಶಗಳನ್ನ ಹೊರಹಾಕುತ್ತೆ. ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ.

ಆರೋಗ್ಯವಂತರಿಗೆ ಸೋಂಕು ಬಂದಿದ್ದೇ ಎಷ್ಟೋ ಸಲ ಗೊತ್ತಾಗಲ್ಲ. ಬಸುರಿಯಲ್ಲಿ ಮೊದಲನೇ ಸಲ ಬಂದರೆ ಮಾತ್ರ ಕಷ್ಟ. ಮಗುವಿನ ಕಣ್ಣು, ಮಿದುಳಿಗೆ ಹಾನಿ ಆಗಬಹುದು, ಗರ್ಭಪಾತವೂ ಆಗಬಹುದು.

ಇಲ್ಲಿ ಟೈಮಿಂಗ್ ಮುಖ್ಯ. ಹೊರಬಿದ್ದ ಕೂಡಲೇ ಆ ಕೋಶ ಸೋಂಕು ಹರಡಲ್ಲ, ಅದಕ್ಕೆ 1ರಿಂದ 5 ದಿನ ಬೇಕು. ಆಮೇಲೆ ಹಸಿ ಮಣ್ಣಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು. ಅಂದರೆ ತೊಡೆ ಮೇಲೆ ಮಲಗಿರೋ ಬೆಕ್ಕಿಗಿಂತ ಅದು ಹೋದ ವಾರ ಕೆದರಿದ ಮಣ್ಣೇ ಡೇಂಜರ್. 2000ದಲ್ಲಿ ಪ್ರಕಟವಾದ, ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನದಲ್ಲೂ ಸರಿಯಾಗಿ ಬೇಯದ ಮಾಂಸವೇ ಮುಖ್ಯ ಕಾರಣವಾಗಿತ್ತು, ನಂತರ ಮಣ್ಣು. ಬೆಕ್ಕಿನ ಜೊತೆ ಇರೋದು ಕಾರಣ ಅಂತ ಕಂಡುಬರಲಿಲ್ಲ.

ಇಂಟರ್ನೆಟ್‌ನಲ್ಲಿ ಓದಿದರೆ "ಲಿಟರ್ ಬಾಕ್ಸ್ ದಿನಾ ಬದಲಿಸಿ" ಅಂತಿರುತ್ತೆ. ನಮ್ಮ ಬೆಕ್ಕುಗಳಿಗೆ ಎಲ್ಲಿಯ ಲಿಟರ್ ಬಾಕ್ಸ್? ಮನೆ ಕಟ್ಟೋಕೆ ತಂದ ಉಸುಕಿನ ಗುಡ್ಡೆ, ಹಿತ್ತಲು, ಕುಂಡದ ಮಣ್ಣು, ಇವೇ. ಹಾಗಾಗಿ ನಮ್ಮ ಕಡೆಗೆ ಹೊಂದೋ ಹಾಗೆ ಹೀಗೆ ಮಾಡಬಹುದು:

ಉಸುಕನ್ನ ತಾಡಪತ್ರಿಯಿಂದ ಮುಚ್ಚಿ. ಬೆಕ್ಕಿನ ಹೊಲಸನ್ನ ಬೇರೆಯವರು ದಿನಾ ತೆಗೆಯಲಿ. ಹಿತ್ತಲಲ್ಲಿ ಕೆಲಸ ಮಾಡಲೇಬೇಕಾದರೆ ಬಸುರಿ ಗ್ಲೌಸ್ ಹಾಕಿಕೊಳ್ಳಲಿ, ಆಮೇಲೆ ಸೋಪಿನಿಂದ ಕೈ ತೊಳೆಯಲಿ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ.

ನಾವು ಸಸ್ಯಾಹಾರಿ, ನಮಗೇನೂ ಆಗಲ್ಲ ಅನ್ನೋ ಹಾಗಿಲ್ಲ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ತಿನ್ನೋರು ನಾವು. ಎಲೆಗೆ ಅಂಟಿದ ಮಣ್ಣಲ್ಲೂ ಆ ಕೋಶ ಇರಬಹುದು. ಎಲೆ ಎಲೆ ಬಿಡಿಸಿ ಹರಿಯೋ ನೀರಲ್ಲಿ ತೊಳೀಬೇಕು. ಆ ಒಂಬತ್ತು ತಿಂಗಳು ಬೇಯಿಸಿ ತಿಂದರೆ ಇನ್ನೂ ಒಳ್ಳೇದು. ಮಾಂಸ ಒಳಗೆ ಕೆಂಪು ಉಳಿಯದ ಹಾಗೆ ಬೇಯಲಿ. ಮಾಂಸ ಕೊಯ್ದ ಚಾಕು ತೊಳೆಯದೆ ತರಕಾರಿ ಹೆಚ್ಚಬಾರದು. ನೀರು ಕುದಿಸಿ ಕುಡಿಯಬೇಕು, ಯಾಕಂದ್ರೆ ಈ ಕೋಶ ಕ್ಲೋರಿನ್‌ಗೆ ಜಗ್ಗಲ್ಲ. 2004ರಲ್ಲಿ ಕೊಯಮತ್ತೂರಿನಲ್ಲಿ ತುಂಬಾ ಜನರಿಗೆ ಕಣ್ಣಿನ ಟಾಕ್ಸೊಪ್ಲಾಸ್ಮೋಸಿಸ್ ಬಂದಾಗ ವೈದ್ಯರ ಅನುಮಾನ ಹೋಗಿದ್ದು ಕುಡಿಯೋ ನೀರಿನ ಮೇಲೆ.

ಇನ್ನೊಂದು ಮಾತು. ಕುಬಸದ ಹೊತ್ತಿಗೆ ಎಚ್ಚರ ಆದರೆ ತಡ. ಮೊದಲ ತಿಂಗಳುಗಳಲ್ಲಿ ಸೋಂಕು ಮಗುವಿಗೆ ದಾಟೋದು ಕಡಿಮೆ, ಆದರೆ ದಾಟಿದರೆ ಹಾನಿ ಜಾಸ್ತಿ. ಅದಕ್ಕೇ ಮೊದಲ ತಪಾಸಣೆಯಲ್ಲೇ "ಮನೆಯಲ್ಲಿ ಬೆಕ್ಕಿದೆ, ಟೆಸ್ಟ್ ಬೇಕಾ?" ಅಂತ ಡಾಕ್ಟರ್‌ನ ಕೇಳಬೇಕು. ರಕ್ತಪರೀಕ್ಷೆಯಿಂದ ಸೋಂಕು ಹಳೆಯದೋ ಹೊಸದೋ ಅಂತ ಅಂದಾಜು ಸಿಗುತ್ತೆ. ಹೊಸದಾದರೆ ಔಷಧಿ ಇದೆ. ಗರ್ಭಕ್ಕೆ ಮೊದಲೇ ಬಂದು ಹೋಗಿದ್ದರೆ ಸಾಮಾನ್ಯವಾಗಿ ಮಗುವಿಗೆ ಭಯ ಇಲ್ಲ.

ಹಾಸ್ಟೆಲ್‌ನಿಂದ ರಜೆಗೆ ಊರಿಗೆ ಹೋಗ್ತೀವಲ್ಲ, ಅಕ್ಕನೋ ಅತ್ತಿಗೆಯೋ ಬಸುರಿ ಇದ್ದರೆ ಬೆಕ್ಕಿನ ಹೊಲಸು ತೆಗೆಯೋ ಕೆಲಸ ನಾವೇ ಮಾಡೋಣ. ಹುಡುಗರೂ ಅಷ್ಟೇ, ಒಂದು ಸಲಿಕೆ, ಐದು ನಿಮಿಷ ಸಾಕು.